ಎರಡನೆಯ ಪ್ಯಾರಾ

ಕಾಯಂ ಹುದ್ದೆ ಒಂದೇ ಒಂದು. ಅದರ ನೋಟೀಸನ್ನು ಆಸ್ಪತ್ರೆಯವರು ನಾಲ್ಕನೇ ಮಹಡಿಯ ಬೋರ್ಡಿಗೆ ಅಂಟಿಸಿದ್ದರು. ಹಬೆಯಕ್ಕನ ಕೆಲಸ ನೆಲಮಾಳಿಗೆಯಲ್ಲಿ. ಗುತ್ತಿಗೆಯವರು ಲಿಫ್ಟು ಹತ್ತುವಂತಿಲ್ಲ. ಹಾಗಾಗಿ ನೋಟೀಸು ಬಿದ್ದು ಹತ್ತು ದಿನವಾದ ಮೇಲೆ, ಅರ್ಜಿಗೆ ನಾಲ್ಕೇ ದಿನ ಉಳಿದಿರುವಾಗ ಅದು ಅವಳ ಕಣ್ಣಿಗೆ ಬಿತ್ತು. ಅದೂ ಮೇಲೆ ಯಾರೋ ವಾಂತಿ ಮಾಡಿಕೊಂಡಿದ್ದರು, ಒರೆಸಲು ಕರೆದಿದ್ದರು ಅಂತ.

ಬಕೆಟ್ಟು ಕೆಳಗಿಟ್ಟು ಓದಿದಳು. ಸ್ಟೆರಿಲೈಸೇಷನ್ ಸಹಾಯಕರು ಬೇಕು. ಎಂಟನೇ ತರಗತಿ ಪಾಸಾಗಿರಬೇಕು. ಇದೇ ಕೆಲಸದಲ್ಲಿ ಎರಡು ವರ್ಷದ ಅನುಭವ ಇರಬೇಕು. ಅರ್ಜಿಯ ಜೊತೆ ಒಂದು ಪುಟದ ಕವರಿಂಗ್ ಲೆಟರ್ ಇರಬೇಕು.

ಎಂಟನೇ ತರಗತಿ ಅವಳು ಪಾಸಾಗಿದ್ದಳು. ಅನುಭವ ಎರಡಲ್ಲ, ಹನ್ನೊಂದು ವರ್ಷದ್ದಿತ್ತು. ಮತ್ತೆ ಮೊದಲಿಂದ ಓದಿದಳು. ಆಮೇಲೆ ಬಗ್ಗಿ ವಾಂತಿ ಒರೆಸಿದಳು.

ಹನ್ನೊಂದು ವರ್ಷದಿಂದ ಆಪರೇಷನ್ ಥಿಯೇಟರಿನ ಸಾಮಾನು ತೊಳೆಯುತ್ತಿರುವುದು ಅವಳು. ರಕ್ತ ಮೆತ್ತಿದ ಕತ್ತರಿ, ಚಾಕು, ಚಿಮುಟಗಳು ಡಬ್ಬಿಗಟ್ಟಲೆ ಕೆಳಗೆ ಇಳಿಯುತ್ತವೆ. ಮೊದಲು ಎಣಿಸಬೇಕು. ಆಮೇಲೆ ಬಿಸಿನೀರಿನ ತೊಟ್ಟಿಯಲ್ಲಿ ಒಂದೊಂದನ್ನೇ ಬ್ರಶ್ಶಿನಿಂದ ಉಜ್ಜಬೇಕು. ಕತ್ತರಿಯ ಕೀಲಿನ ಸಂದಿಯಲ್ಲಿ ರಕ್ತ ಅಡಗಿ ಕೂತಿರುತ್ತದೆ, ಅದನ್ನು ಹೊರಗೆ ತರಲು ಉಗುರೂ ಬೇಕು, ತಾಳ್ಮೆಯೂ ಬೇಕು. ಒಣಗಿಸಿ, ಮತ್ತೆ ಎಣಿಸಿ, ಬಟ್ಟೆಯಲ್ಲಿ ಸುತ್ತಿ, ಶಾಖಕ್ಕೆ ಬಣ್ಣ ತಿರುಗುವ ಪಟ್ಟಿ ಅಂಟಿಸಿ, ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರದೊಳಗೆ ಹೇರಬೇಕು. ಯಂತ್ರದ ಬಾಗಿಲು ತೆಗೆದಾಗ ಬರುವ ಹಬೆ ನೇರ ಮುಖಕ್ಕೆ ಹೊಡೆಯುತ್ತದೆ. ಅವಳ ಎರಡು ಮುಂಗೈಗಳ ಮೇಲೆ ಸುಟ್ಟ ಕಲೆಗಳು ಒಂದರ ಮೇಲೊಂದು ಬಿದ್ದು ಚರ್ಮವೇ ಬೇರೆ ಬಣ್ಣವಾಗಿತ್ತು. ಹಬೆಯಕ್ಕ ಎಂಬ ಹೆಸರು ಬಂದದ್ದು ಅದರಿಂದ. ಮೇಲಿನವರಿಗೆ ಅವಳ ನಿಜವಾದ ಹೆಸರು ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಜರೂರೂ ಬಿದ್ದಿರಲಿಲ್ಲ.

ಇಷ್ಟೆಲ್ಲ ಮಾಡುವವಳು ಕಾಗದದಲ್ಲಿ ಏನು ಗೊತ್ತೇ? ಕಸ ಗುಡಿಸುವವಳು. ನೆಲಮಾಳಿಗೆಯ ಓಣಿ ಮತ್ತು ಎರಡು ಪಾಯಿಖಾನೆ ಅವಳ ಪಾಲಿನವು. ಅವನ್ನೂ ಅವಳೇ ಮಾಡುತ್ತಿದ್ದಳು, ಬೆಳಿಗ್ಗೆ ಒಂದು ಗಂಟೆ ಮುಂಚೆ ಬಂದು.

ಸಾಮಾನು ತೊಳೆದು ಕಟ್ಟಬೇಕಾದವನು ಟೆಕ್ನಿಶಿಯನ್. ಸಂಬಳ ಅವನಿಗೆ, ಬಿಳಿ ಕೋಟು ಅವನಿಗೆ, ರಿಜಿಸ್ಟರಿನ ಸಹಿಯೂ ಅವನದೇ. ಒಂದೊಂದು ಸೆಟ್ಟಿನ ಮೇಲೂ ಒಂದು ಚೀಟಿ ಅಂಟಿಸಬೇಕು, ಕಟ್ಟಿದವರು ಅದರಲ್ಲಿ ಸಹಿ ಹಾಕಬೇಕು ಎಂಬುದು ನಿಯಮ. ನಿಯಮವನ್ನು ಅವನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ಸೋಮವಾರ ಬೆಳಿಗ್ಗೆ ಬಂದವನೇ ಇಡೀ ವಾರದ ಖಾಲಿ ಚೀಟಿಗಳಿಗೆ ಸಹಿ ಗೀಚಿ, ರಬ್ಬರ್ ಬ್ಯಾಂಡು ಹಾಕಿ, ಕಟ್ಟನ್ನು ಅವಳ ಮೇಜಿನ ಮೇಲೆ ಎಸೆದು ಮೇಲೆ ಹೋಗಿಬಿಡುತ್ತಿದ್ದ. ಮ್ಯಾನೇಜರರ ಹೆಂಡತಿಯ ತಮ್ಮ ಅವನು. ಕೇಳುವವರು ಯಾರು?

ಇನ್ನು ತಪಾಸಣೆಯವರು ಬರುವ ದಿನದ ಚಂದ ನೋಡಬೇಕು. ಅವತ್ತು ಟೆಕ್ನಿಶಿಯನ್ ಕೆಳಗೆ ಬರುತ್ತಿದ್ದ, ಕೈಗವಸು ಹಾಕಿಕೊಂಡು ಯಂತ್ರದ ಮುಂದೆ ನಿಲ್ಲುತ್ತಿದ್ದ. ಅವಳ ಏಪ್ರನ್ ಬಿಚ್ಚಿಸಿ, ಕೈಗೆ ಪೊರಕೆ ಕೊಟ್ಟು, ಪಾಯಿಖಾನೆಯ ಹತ್ತಿರ ನಿಲ್ಲಿಸುತ್ತಿದ್ದರು. "ಏನಾದ್ರೂ ಕೇಳಿದ್ರೆ ಗೊತ್ತಿಲ್ಲ ಅನ್ನು" ಎಂದು ಹೇಳಿಕೊಟ್ಟಿರುತ್ತಿದ್ದರು. ಹನ್ನೊಂದು ವರ್ಷದಲ್ಲಿ ಏಳು ಸಲ ಅವಳು ಹಾಗೆ ಪೊರಕೆ ಹಿಡಿದು ನಿಂತಿದ್ದಾಳೆ. ಯಾರೂ ಏನೂ ಕೇಳಲಿಲ್ಲ. ಪಾಯಿಖಾನೆಯ ಪಕ್ಕ ನಿಂತವಳನ್ನು ಏನಂತ ಕೇಳುತ್ತಾರೆ?

ಭಾನುವಾರ ಮಧ್ಯಾಹ್ನ ಮಗಳು ಕವರಿಂಗ್ ಲೆಟರ್ ಬರೆಯಲು ಕೂತಳು. ಕಾಲೇಜಿನ ಕೊನೆಯ ವರ್ಷ. ಅರ್ಜಿ ಬರೆಯುವುದನ್ನು ಅಲ್ಲಿ ಪಾಠ ಮಾಡಿದ್ದರು. ಮನೆಯೆಂದರೆ ಒಂದು ಕೋಣೆ. ಗೋಡೆಯ ಆಚೆ ಪಕ್ಕದ ಮನೆಯವರ ಮಿಕ್ಸಿ ಗರಗುಟ್ಟುತ್ತಿತ್ತು.

"ಮೂರು ಪ್ಯಾರಾ ಇರ್ಬೇಕಮ್ಮ," ಮಗಳು ಮೇಷ್ಟ್ರಂತೆ ಬೆರಳು ಎತ್ತಿದಳು. "ಮೊದಲನೇದ್ರಲ್ಲಿ ಯಾವ ಕೆಲಸಕ್ಕೆ ಅಂತ. ಎರಡನೇದ್ರಲ್ಲಿ ನೀನು ಏನ್ ಮಾಡಿದೀಯ ಅಂತ. ಮೂರನೇದ್ರಲ್ಲಿ ಯಾಕೆ ನಿನ್ನನ್ನೇ ತಗೋಬೇಕು ಅಂತ."

"ಬರಿ."

ಮಗಳು ಬರೆದು ಓದಿದಳು. "ನಾನು ಸವಾಲುಗಳನ್ನು ಪ್ರೀತಿಸುವ, ತಂಡದೊಂದಿಗೆ ಬೆರೆತು ದುಡಿಯುವ, ಸದಾ ಹೊಸದನ್ನು ಕಲಿಯಲು ಹಾತೊರೆಯುವ ವ್ಯಕ್ತಿ."

"ಇದು ಯಾರ ವಿಷ್ಯ?"

"ನಿಂದೇ ಕಣಮ್ಮ."

"ನಾನ್ಯಾವಾಗ ಸವಾಲು ಪ್ರೀತಿಸ್ದೆ? ಸವಾಲು ಅಂದ್ರೆ ಅದೇ, ಸೊಂಟ ನೋವು, ಕಾಲು ಬಾವು? ಅದನ್ನ ಯಾರಾದ್ರೂ ಪ್ರೀತಿಸ್ತಾರೇನೇ?"

"ಎಲ್ರೂ ಹಿಂಗೇ ಬರೀತಾರಮ್ಮ."

"ಎಲ್ರೂ ಹಿಂಗೇ ಬರೆದ್ರೆ ನಾನು ಯಾರು ಅಂತ ಅವ್ರಿಗೆ ಹೆಂಗೆ ಗೊತ್ತಾಗ್ಬೇಕು?"

ಮಗಳಿಗೆ ನಗು ಬಂತು. ಆಮೇಲೆ ಪೆನ್ನು ಕೆಳಗಿಟ್ಟಳು. "ಸರಿ. ಹಂಗಾದ್ರೆ ಹೇಳು. ಬೆಳಿಗ್ಗೆ ಹೋದವಳು ಏನೇನ್ ಮಾಡ್ತೀಯ?"

ಹುಟ್ಟಿದಾಗಿನಿಂದ ಒಂದೇ ಕೋಣೆಯಲ್ಲಿ ಇದ್ದರೂ ಈ ಪ್ರಶ್ನೆಯನ್ನು ಮಗಳು ಕೇಳಿರಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ, ಅಷ್ಟೇ. ಅಮ್ಮ ಹೇಳುತ್ತಾ ಹೋದಳು, ಮಗಳು ಬರೆಯುತ್ತಾ ಹೋದಳು. ಕೀಲು ತೆರೆದೇ ಇಟ್ಟು ಕತ್ತರಿಯನ್ನು ಯಂತ್ರಕ್ಕೆ ಹಾಕಬೇಕು, ಮುಚ್ಚಿದರೆ ಒಳಗೆ ಹಬೆ ಹೋಗುವುದಿಲ್ಲ. ಹೊಟ್ಟೆಯ ಆಪರೇಷನ್ನಿನ ದೊಡ್ಡ ಸೆಟ್ಟಿನಲ್ಲಿ ನಲವತ್ತಾರು ಸಾಮಾನು. ಕಟ್ಟು ಒದ್ದೆಯಾಗಿ ಹೊರಗೆ ಬಂದರೆ ಎಷ್ಟೇ ಅರ್ಜೆಂಟ್ ಇದ್ದರೂ ಮೇಲೆ ಕಳಿಸಕೂಡದು.

"ಇನ್ನೊಂದು ಇದೆ," ಎಂದಳು ಅಮ್ಮ. "ಬರೀಬೇಕೋ ಬೇಡ್ವೋ ಗೊತ್ತಿಲ್ಲ."

"ಏನು?"

ನಾಲ್ಕು ವರ್ಷದ ಹಿಂದಿನ ಮಾತು. ಒಂದು ಮಧ್ಯಾಹ್ನ ಕೆಳಗೆ ಬಂದ ದೊಡ್ಡ ಸೆಟ್ಟಿನಲ್ಲಿ ನಲವತ್ತೈದೇ ಇತ್ತು. ರಕ್ತನಾಳ ಹಿಡಿಯುವ ಚಿಮುಟ ಒಂದು ಕಮ್ಮಿ. ಅವಳು ಮೂರು ಸಲ ಎಣಿಸಿದಳು. ತೊಟ್ಟಿಯ ನೀರು ಬಸಿದಳು. ರಕ್ತದ ಬಟ್ಟೆಗಳ ಚೀಲವನ್ನು ನೆಲಕ್ಕೆ ಸುರಿದು ಬರಿಗೈಯಲ್ಲಿ ತಡಕಾಡಿದಳು. ಇಲ್ಲ. ಟೆಕ್ನಿಶಿಯನ್‌ಗೆ ಫೋನು ಮಾಡಿದರೆ "ಎಲ್ಲೋ ಬಿದ್ದಿರುತ್ತೆ ಬಿಡು" ಎಂದ. ಅವಳು ಬಿಡಲಿಲ್ಲ. ಒದ್ದೆ ಏಪ್ರನ್‌ನಲ್ಲೇ ಮೂರು ಮಹಡಿ ಮೆಟ್ಟಿಲು ಹತ್ತಿ ಥಿಯೇಟರಿನ ಬಾಗಿಲಿಗೆ ಬಂದಳು. ಆ ಬಾಗಿಲ ಹತ್ತಿರ ಅವಳು ಸುಳಿಯಕೂಡದು. ವಾಚ್‌ಮನ್ ತೋಳು ಹಿಡಿದು ನೂಕಿದ. ಅವಳು ಅಲ್ಲಿಂದಲೇ ಕೂಗಿದಳು. "ಒಂದು ಕಮ್ಮಿ ಇದೆ! ಒಳಗೇ ಉಳಿದಿದೆ, ನೋಡಿ!"

ಎಕ್ಸ್‌ರೇ ತೆಗೆದರು. ಚಿಮುಟ ರೋಗಿಯ ಹೊಟ್ಟೆಯಲ್ಲಿತ್ತು. ಎರಡು ಮಕ್ಕಳ ತಾಯಿ ಅವಳು. ಸಂಜೆಯೊಳಗೆ ಮತ್ತೆ ಕೊಯ್ದು ತೆಗೆದರು. ಒಳಗೆ ರಕ್ತ ಸೋರುತ್ತಿತ್ತು, ಅದಕ್ಕೇ ಮತ್ತೆ ಕೊಯ್ಯಬೇಕಾಯಿತು ಎಂದು ಮನೆಯವರಿಗೆ ಹೇಳಿದರು. ಅವಳ ಗಂಡ, ಎರಡು ಸಲವೂ ಕೊಯ್ದ ದೊಡ್ಡ ಡಾಕ್ಟರ ಕಾಲು ಮುಟ್ಟಲು ಬಗ್ಗಿದ.

"ಆಮೇಲೆ?" ಮಗಳ ಕಣ್ಣು ದೊಡ್ಡದಾಗಿತ್ತು.

"ಆಮೇಲೇನು? ಎಚ್ಚರದಿಂದ ಕೆಲಸ ಮಾಡ್ದ ಅಂತ ಟೆಕ್ನಿಶಿಯನ್‌ಗೆ ಸರ್ಟಿಫಿಕೇಟು ಕೊಟ್ರು. ಬೋರ್ಡಲ್ಲಿ ಫೋಟೋ ಹಾಕಿದ್ರು. ಒದ್ದೆ ಚಪ್ಪಲೀಲಿ ಥಿಯೇಟರ್ ಹತ್ರ ಬಂದೆ ಅಂತ ನನಗೆ ಒಂದು ದಿನದ ಸಂಬಳ ಕತ್ತರಿಸಿದ್ರು."

ಮಗಳು ಮೊದಲು ಬರೆದ ಹಾಳೆಯನ್ನು ಹರಿದು ಹಾಕಿದಳು. ಹೊಸ ಹಾಳೆಯಲ್ಲಿ ಎರಡನೆಯ ಪ್ಯಾರಾ ಬರೆದಳು. ಅಲಂಕಾರ ಇಲ್ಲ, ಹಾತೊರೆಯುವಿಕೆ ಇಲ್ಲ. ಮಾಡಿದ ಕೆಲಸ, ಮಾಡಿದ ವರ್ಷ, ಆ ಮಧ್ಯಾಹ್ನದ ಚಿಮುಟ. ಅಮ್ಮನಿಗೆ ಓದಿ ಹೇಳಿದಳು. ಹಬೆಯಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಹೌದು, ಇದು ನಾನೇ," ಎಂದಳು.

ಮರುದಿನ ಬೆಳಿಗ್ಗೆ ಆ ಹಾಳೆಯನ್ನು ಇನ್‌ಚಾರ್ಜ್ ಸಿಸ್ಟರಿಗೆ ತೋರಿಸಿದಳು. ನೆಲಮಾಳಿಗೆಯ ಕೋಣೆಗೂ ಮೇಲಿನ ಥಿಯೇಟರಿಗೂ ಈ ಸಿಸ್ಟರೇ ಮೇಲ್ವಿಚಾರಕಿ. ಕೆಟ್ಟವರಲ್ಲ. ಅವಳ ಸುಟ್ಟಗಾಯಕ್ಕೆ ಮುಲಾಮು ತಂದುಕೊಟ್ಟವರು. ಆದರೆ ನಿವೃತ್ತಿಗೆ ಮೂರು ವರ್ಷ ಉಳಿದಿತ್ತು, ಆ ಮೂರು ವರ್ಷವನ್ನು ಬಾಯಿಗೆ ಬೀಗ ಹಾಕಿಕೊಂಡು ಕಳೆಯಬೇಕೆಂದು ಗಟ್ಟಿ ಮಾಡಿಕೊಂಡಿದ್ದರು.

ಓದುತ್ತಾ ಓದುತ್ತಾ ಸಿಸ್ಟರ ಮುಖ ಬಿಳಿಚಿಕೊಂಡಿತು. ಎದ್ದು ಹೋಗಿ ಬಾಗಿಲು ಮುಂದಕ್ಕೆ ಹಾಕಿ ಬಂದರು.

"ಇದನ್ನ ಕೊಡ್ಬೇಡ."

"ಸುಳ್ಳು ಇದೆಯಾ ಸಿಸ್ಟರ್?"

"ನಿಜ ಇದೆ, ಅದಕ್ಕೇ ಹೇಳ್ತಿರೋದು. ನೀನು ಈ ಕೆಲಸ ಮಾಡಿದೀಯ ಅಂತ ಬರೆದ್ರೆ, ಆ ಸಹಿಗಳೆಲ್ಲ ಏನಾಗ್ಬೇಕು? ಆ ಚಿಮುಟದ ವಿಷ್ಯ ಬೇರೆ. ದೊಡ್ಡ ಡಾಕ್ಟರನ್ನೇ ಸಿಗಿಸಿ ಹಾಕಿದೀಯಲ್ಲೇ. ಅರ್ಜಿ ಓದೋರು ಅವರದೇ ಜನ."

ಸಿಸ್ಟರ್ ಡ್ರಾಯರಿನಿಂದ ಒಂದು ಟೈಪು ಮಾಡಿದ ಹಾಳೆ ತೆಗೆದರು. ಅವಳಿಗೆಂದೇ ಮಾಡಿಸಿಟ್ಟಿದ್ದರು. ನಾನು ಬಡವಳು. ಗಂಡನಿಲ್ಲದವಳು. ಹನ್ನೊಂದು ವರ್ಷದಿಂದ ವಿಧೇಯಳಾಗಿ ಕಸ ಗುಡಿಸಿದ್ದೇನೆ. ದಯಮಾಡಿ ಕೈ ಹಿಡಿಯಬೇಕು.

"ಇದಕ್ಕೆ ಸಹಿ ಹಾಕು. ಮ್ಯಾನೇಜರ್‌ಗೆ ನಾನೊಂದು ಮಾತು ಹೇಳ್ತೀನಿ. ನಿಮ್ಮಂಥೋರಿಗೆ ಕೆಲಸ ಸಿಗೋದು ಹೀಗೆ ಕಣೇ. ಎದೆ ಸೆಟೆಸಿದ್ರೆ ಸಿಗಲ್ಲ."

ಹಬೆಯಕ್ಕನಿಗೆ ಆಸೆಯಾಯಿತು. ಸುಳ್ಳು ಯಾಕೆ ಹೇಳಬೇಕು? ಕಾಯಂ ಆದರೆ ರಜೆ ಇದೆ, ಪಿಂಚಣಿ ಇದೆ, ಕೂತುಕೊಳ್ಳಲು ಒಂದು ಕುರ್ಚಿ ಇದೆ. ಬೆನ್ನು ಹೇಳುತ್ತಿತ್ತು, ಸಹಿ ಹಾಕು ಅಂತ. ಟೈಪು ಹಾಳೆಯನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಇಡೀ ದಿನ ಅದು ಬೆವರಿನಲ್ಲಿ ನೆನೆಯಿತು. ಸಂಜೆ ಆಫೀಸಿನ ಕಿಟಕಿಯ ಮುಂದೆ ನಿಂತು ತೆಗೆದು ನೋಡಿದಳು. ಗಂಡನಿಲ್ಲದವಳು ಎಂಬುದು ಸಾಮಾನು ತೊಳೆಯುವುದಕ್ಕೆ ಯಾವ ಅರ್ಹತೆ ಎಂದು ಅವಳಿಗೆ ತಿಳಿಯಲಿಲ್ಲ. ಮಗಳು ಬರೆದದ್ದನ್ನೇ ಒಳಗೆ ತಳ್ಳಿದಳು.

ಶುಕ್ರವಾರ ಸಂದರ್ಶನ. ಮೇಜಿನ ಆಚೆ ಮೂವರು ಕೂತಿದ್ದರು. ನಡುವೆ ಮ್ಯಾನೇಜರ್, ಎಡಕ್ಕೆ ಸಿಸ್ಟರ್. ಬಲಕ್ಕೆ, ವಿಷಯ ಬಲ್ಲವನು ಎಂದು, ಟೆಕ್ನಿಶಿಯನ್! ಮೇಜಿನ ಈಚೆ ಒಂದು ಕುರ್ಚಿ ಇತ್ತು. ಅವಳಿಗಿಂತ ಮುಂಚೆ ಹೋದವರೆಲ್ಲ ಅದರಲ್ಲಿ ಕೂತು ಎದ್ದು ಬಂದಿದ್ದರು. ಅವಳಿಗೆ ಯಾರೂ ಕೂತುಕೋ ಅನ್ನಲಿಲ್ಲ. ಅವಳು ನಿಂತೇ ಇದ್ದಳು.

"ನೀನು ಕೇಳು," ಎಂದರು ಮ್ಯಾನೇಜರ್ ತಮ್ಮ ಬಾಮೈದನಿಗೆ.

ಟೆಕ್ನಿಶಿಯನ್ ಕೆಮ್ಮಿದ. "ಹೊರಗಿನ ಪಟ್ಟಿ ಕಪ್ಪಾದ್ರೆ ಏನರ್ಥ?"

"ಹೊರಗಡೆ ಶಾಖ ತಾಗಿದೆ ಅಂತ."

"ತಪ್ಪು. ಸೆಟ್ ರೆಡಿ ಅಂತ."

"ಅಲ್ಲ ಸಾರ್. ಒಳಗೆ ನಡುಮಧ್ಯ ಇನ್ನೊಂದು ಪಟ್ಟಿ ಇಟ್ಟಿರ್ತೀವಿ. ಅದೂ ಬಣ್ಣ ತಿರುಗಿದ್ರೆ ರೆಡಿ. ಹೊರಗಿನದನ್ನೇ ನಂಬಿದ್ರೆ ಗಾಯ ಕೀವು ಆಗುತ್ತೆ."

ಟೆಕ್ನಿಶಿಯನ್ ಸಿಸ್ಟರ ಕಡೆ ನೋಡಿದ. ಸಿಸ್ಟರ್ ತಮ್ಮ ಉಗುರು ನೋಡಿಕೊಂಡರು. ಒಳಗೊಂದು ಪಟ್ಟಿ ಇರುತ್ತದೆ ಎಂಬುದು ಅವನಿಗೆ ಅವತ್ತೇ ಗೊತ್ತಾದದ್ದು.

ಮ್ಯಾನೇಜರ್ ಅವಳ ಕವರಿಂಗ್ ಲೆಟರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಇಲಿಯ ಬಾಲ ಹಿಡಿದಂತೆ.

"ಇದೇನಿದು? ಹನ್ನೊಂದು ವರ್ಷ ಈ ಕೆಲಸ ಮಾಡಿದೀನಿ ಅಂತ ಬರ್ದಿದೀಯ. ದಾಖಲೆ ಎಲ್ಲಿ?"

"ಕೈ ಇದೆ ಸಾರ್," ಮುಂಗೈ ಚಾಚಿದಳು.

"ಕೈ ಎಲ್ಲರಿಗೂ ಇದೆ. ರಿಜಿಸ್ಟರಲ್ಲಿ ನಿನ್ನ ಹೆಸರೇ ಇಲ್ಲ. ಅಂದ್ರೆ ನೀನು ಮಾಡಿಲ್ಲ. ಇಲ್ಲ, ಮಾಡಿದೀನಿ ಅಂತೀಯಾ? ಹಾಗಾದ್ರೆ ತರಬೇತಿ ಇಲ್ದೆ ರೋಗಿಗಳ ಸಾಮಾನಿಗೆ ಕೈ ಹಾಕಿದೀಯ, ಅದು ಅಪರಾಧ. ಸುಳ್ಳಿಯಾ, ಅಪರಾಧಿಯಾ? ನೀನೇ ಹೇಳು."

ಹನ್ನೊಂದು ವರ್ಷ ಮಾಡಿಸಿದವರೇ ಕೇಳುತ್ತಿದ್ದಾರೆ, ಮಾಡಿದ್ದೇಕೆ ಎಂದು. ಮಾಡಿಸಿದ ಸಿಸ್ಟರ್ ಅಲ್ಲೇ ಕೂತು ಉಗುರು ನೋಡಿಕೊಳ್ಳುತ್ತಿದ್ದಾರೆ. ಕಣ್ಣಲ್ಲಿ ನೀರು ಬಂತು, ಸಿಟ್ಟಿನದು.

ಮ್ಯಾನೇಜರ್ ಪೆನ್ನು ತೆಗೆದು ಎರಡನೆಯ ಪ್ಯಾರಾದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೀಟು ಎಳೆದರು. ಆಮೇಲೆ ಇನ್ನೊಂದು.

"ತಗೋ. ಈ ಭಾಗ ನಾನೇ ಹಿಂತೆಗೆದುಕೊಂಡಿದ್ದೀನಿ ಅಂತ ಪಕ್ಕದಲ್ಲಿ ಸಹಿ ಹಾಕು. ಗುಡಿಸೋ ಕೆಲಸ ಆದ್ರೂ ಉಳಿಯುತ್ತೆ."

ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. "ಗೀಟು ನೀವು ಹಾಕಿದ್ದು. ಸಹಿನೂ ನೀವೇ ಹಾಕ್ಕೊಳ್ಳಿ ಸಾರ್."

ಹೊರಗೆ ಬಂದಾಗ ಲಿಫ್ಟು ತೆರೆದೇ ಇತ್ತು. ಅವಳು ಮೆಟ್ಟಿಲು ಇಳಿದಳು.

ಶನಿವಾರ ಅವಳು ಒಂದು ಕೆಲಸ ಮಾಡಿದಳು. ತುರ್ತು ಆಪರೇಷನ್ನಿಗೆ ಬೇಕಾಗುವ ಸೆಟ್ಟುಗಳನ್ನು ಮಾತ್ರ ಆರಿಸಿ, ತೊಳೆದು, ಕಟ್ಟಿ, ಹಬೆಗೆ ಹಾಕಿ ಬೀರುವಿನ ಮೇಲಿನ ಅರೆಯಲ್ಲಿ ಸಾಲಾಗಿ ಇಟ್ಟಳು. ಎಂಟು ಸೆಟ್ಟು. ಯಾಕೆಂದು ಯಾರೂ ಕೇಳಲಿಲ್ಲ.

ಸೋಮವಾರ ಸಿಸ್ಟರ್ ಒಬ್ಬ ಯುವತಿಯನ್ನು ಕರೆದುಕೊಂಡು ಕೆಳಗಿಳಿದರು. ಹೊಸ ಏಪ್ರನ್, ಹೊಸ ಬ್ಯಾಡ್ಜು. ಹುದ್ದೆ ಅವಳಿಗೆ ಸಿಕ್ಕಿತ್ತು. ಎರಡು ವರ್ಷದ ಅನುಭವದ ಪತ್ರ ತಂದಿದ್ದಳಂತೆ. ತೊಟ್ಟಿಯಲ್ಲಿದ್ದ ರಕ್ತದ ನೀರು ಕಂಡು ಕರವಸ್ತ್ರ ಮೂಗಿಗೆ ಹಿಡಿದಳು.

"ಒಂದು ವಾರ ಇವಳಿಗೆ ಕಲಿಸಿಕೊಡು," ಎಂದರು ಸಿಸ್ಟರ್, ಅವಳ ಮುಖ ನೋಡದೆ.

ಹಬೆಯಕ್ಕ ಕೈಗವಸು ಕಳಚಿದಳು. ಏಪ್ರನ್ನಿನ ಗಂಟು ಬಿಚ್ಚಿದಳು. ಎರಡನ್ನೂ ಮೇಜಿನ ಮೇಲೆ ಮಡಿಸಿಟ್ಟಳು.

"ನನಗೆ ಗೊತ್ತಿಲ್ಲ ಸಿಸ್ಟರ್."

"ಏನು ಗೊತ್ತಿಲ್ಲ?"

"ಈ ಕೆಲಸ. ರಿಜಿಸ್ಟರ್ ತೆಗೆದು ನೋಡಿ, ನಾನು ಒಂದು ದಿನಾನೂ ಮಾಡಿಲ್ಲ. ಮಾಡಿದ್ರೆ ಅಪರಾಧ ಅಂತೆ. ನನ್ನ ಕೆಲಸ ಓಣಿ ಗುಡಿಸೋದು."

ಪೊರಕೆ ತೆಗೆದುಕೊಂಡು ಓಣಿಗೆ ಹೋದಳು. ಸಿಸ್ಟರ್ ಹಿಂದೆಯೇ ಬಂದರು. "ಇವತ್ತು ಒಂಬತ್ತು ಆಪರೇಷನ್ ಇದೆ. ನಿನ್ನ ದಮ್ಮಯ್ಯ."

"ಟೆಕ್ನಿಶಿಯನ್ ಸಾರ್‌ನ ಕರೀರಿ. ಎಲ್ಲಾ ಸಹಿ ಅವರದ್ದೇ."

ಕರೆದರು. ಅವನು ಬಂದ. ಸಾಮಾನನ್ನು ತೊಳೆಯದೆ ಸುತ್ತಿದ, ಸುತ್ತಿದ್ದನ್ನು ಬಿಚ್ಚಿದ. ಯಂತ್ರದ ಬಾಗಿಲು ಹಾಕಿದರೆ ಸಂದಿಯಿಂದ ಹಬೆ ಬುಸುಗುಟ್ಟಿತು. ಬಾಗಿಲ ಹಿಡಿಗೆ ಒಂದು ಏಟು ಕೊಟ್ಟು ತಿರುಗಿಸಬೇಕು, ಎಲ್ಲಿ ಅಂತ ಅವನಿಗೇನು ಗೊತ್ತು? ಕೈ ಸುಟ್ಟುಕೊಂಡು ಅಯ್ಯಯ್ಯೋ ಎಂದು ಕುಣಿದ. ಹೊಸಬಳು ಮೂಲೆಯಲ್ಲಿ ನಿಂತು ಅಳಲು ಶುರು ಮಾಡಿದಳು. ಹತ್ತು ಗಂಟೆಗೆ ಮೇಲಿನಿಂದ ಮೊದಲ ಫೋನು ಬಂತು. ಹತ್ತೂವರೆಗೆ ಮೂರನೆಯದು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಮ್ಯಾನೇಜರ್ ನೆಲಮಾಳಿಗೆಗೆ ಬಂದರು. ಉಳಿದುಹೋದ ಆ ಸಹಿಯನ್ನು ಹಾಕಿಸಿಕೊಳ್ಳಲೆಂದು ಕಂಕುಳಲ್ಲಿ ಅವಳ ಅರ್ಜಿಯ ಫೈಲು. ಓಣಿಯ ಒದ್ದೆ ನೆಲದಲ್ಲಿ ಕಾಲು ಜಾರಿ ಗೋಡೆ ಹಿಡಿದುಕೊಂಡರು.

"ಏನ್ ನಾಟಕ ಇದು? ಮೇಲೆ ಜನ ಸಾಯ್ತಿದಾರೆ, ನೀನು ಇಲ್ಲಿ ನೆಲ ಗುಡಿಸ್ತಿದೀಯಾ?"

"ಯಾರೂ ಸಾಯಲ್ಲ ಸಾರ್. ತುರ್ತಿನ ಸೆಟ್ಟು ಎಂಟು ಬೀರುವಿನಲ್ಲಿದೆ. ಶನಿವಾರ ಕಟ್ಟಿಟ್ಟಿದೀನಿ. ಜೀವ ಹೋಗೋ ಕೇಸ್ ಬಂದ್ರೆ ತಗೊಳ್ಳಿ. ತಾರೀಕು ಹಾಕಿ ಮಾಡೋ ಆಪರೇಷನ್‌ಗಳು ನಾಳೆ ಮಾಡಿದ್ರೂ ನಡೆಯುತ್ತೆ."

ಮ್ಯಾನೇಜರ್ ತಬ್ಬಿಬ್ಬಾದರು. ಕೊಲೆಗಾತಿ ಎಂದು ಬೈಯುವ ದಾರಿಯೂ ಮುಚ್ಚಿತ್ತು. "ಕಂಟ್ರಾಕ್ಟರ್‌ಗೆ ಒಂದು ಫೋನ್ ಮಾಡಿದ್ರೆ ಮಧ್ಯಾಹ್ನದೊಳಗೆ ನೀನು ಗೇಟಿನ ಆಚೆ."

"ಮಾಡಿ."

ಅಷ್ಟರಲ್ಲಿ ದೊಡ್ಡ ಡಾಕ್ಟರೇ ಇಳಿದು ಬಂದರು. ತಲೆಗೆ ಹಸಿರು ಟೋಪಿ, ಕಾಲಿಗೆ ಥಿಯೇಟರಿನ ಚಪ್ಪಲಿ. ಸಿಟ್ಟಿನಲ್ಲಿ ಮುಖ ಕೆಂಪಗಾಗಿತ್ತು.

"ನನ್ನ ಸೆಟ್ ಎಲ್ಲಿ? ನನ್ನ ಸೆಟ್ ಕಟ್ಟೋರು ಯಾರ್ರೀ ಇಲ್ಲಿ?"

ಟೆಕ್ನಿಶಿಯನ್ ಸುಟ್ಟ ಕೈಯನ್ನು ನಲ್ಲಿಯ ಕೆಳಗೆ ಹಿಡಿದುಕೊಂಡು ಬೆನ್ನು ತಿರುಗಿಸಿ ನಿಂತಿದ್ದ. ಮ್ಯಾನೇಜರ್ ಹಲ್ಲು ಕಿರಿದು, "ಒಂದು ಸಣ್ಣ ತೊಂದ್ರೆ ಸಾರ್, ಸರಿ ಹೋಗುತ್ತೆ," ಎಂದರು.

"ಇವಳು," ಎಂದರು ಸಿಸ್ಟರ್.

"ಏನು?"

"ಇವಳು ಕಟ್ಟೋದು ಡಾಕ್ಟ್ರೇ. ಹನ್ನೊಂದು ವರ್ಷದಿಂದ. ಎಲ್ಲಾ ಆ ಪತ್ರದಲ್ಲಿದೆ."

"ಸಿಸ್ಟರ್, ಯೋಚನೆ ಮಾಡಿ ಮಾತಾಡಿ," ಮ್ಯಾನೇಜರ್ ಫೈಲನ್ನು ಬೆನ್ನ ಹಿಂದೆ ಸರಿಸಿದರು.

"ಹನ್ನೊಂದು ವರ್ಷ ಯೋಚನೆ ಮಾಡಿದೀನಿ ಸಾರ್. ಸಾಕಾಯ್ತು." ಫೈಲನ್ನು ಸಿಸ್ಟರೇ ಎಳೆದುಕೊಂಡರು. ಗೀಟು ಎಳೆದ ಪ್ಯಾರಾದ ಪಕ್ಕ, ಇದು ನಿಜ, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಗೋಡೆಗೆ ಒತ್ತಿ ಬರೆದು, ಸಹಿ ಹಾಕಿ, ಡಾಕ್ಟರ ಕೈಗೆ ಕೊಟ್ಟರು.

ಡಾಕ್ಟರು ಓದಿದರು. ಮೊದಲು ಬೇಗ ಬೇಗ. ಆಮೇಲೆ ಒಂದು ಸಾಲಿನಲ್ಲಿ ಕಣ್ಣು ನಿಂತುಬಿಟ್ಟಿತು. ಮುಖದ ಕೆಂಪು ಇಳಿಯಿತು.

"ಅವತ್ತು ಬಾಗಿಲ ಹತ್ರ ಕೂಗಿದ್ದು ನೀವಾ?"

ಈ ಕಟ್ಟಡದಲ್ಲಿ ಯಾರೂ ಅವಳನ್ನು ನೀವು ಅಂದಿರಲಿಲ್ಲ. ಅವಳು ತಲೆಯಾಡಿಸಿದಳು.

ಡಾಕ್ಟರು ಟೋಪಿ ತೆಗೆದರು. ಆಮೇಲೆ ಮೆಲ್ಲಗೆ, ಹತ್ತಿರ ಬಂದು ಹೇಳಿದರು.

"ನೋಡಿ. ಆಡಳಿತ ಮಂಡಳಿಗೆ ನಾನೇ ಹೇಳ್ತೀನಿ. ಇನ್ನೊಂದು ಹುದ್ದೆ ಮಾಡಿಸ್ತೀನಿ. ಕಾಯಂ. ನಾಳೆಯಿಂದಲೇ. ಈ ಪ್ಯಾರಾಕ್ಕೆ ನಾನೂ ಸಹಿ ಹಾಕ್ತೀನಿ." ಸಿಸ್ಟರ ಪೆನ್ನಿಗೆ ಕೈ ಚಾಚಿದರು. "ಆ ಚಿಮುಟದ ಸಾಲು ಒಂದು ತೆಗೆದುಬಿಡಿ. ಆ ಒಂದು ಸಾಲು ಅಷ್ಟೇ."

ಸಿಸ್ಟರ್ ಒಪ್ಪಿಕೋ ಎಂದು ಕಣ್ಣಲ್ಲೇ ಬೇಡುತ್ತಿದ್ದರು. ಹುದ್ದೆ ಕೈಗೆಟುಕುವಷ್ಟು ಹತ್ತಿರ ಬಂದು ನಿಂತಿತ್ತು. ಕುರ್ಚಿ, ರಜೆ, ಪಿಂಚಣಿ, ಮಗಳ ಮುಂದಿನ ಓದು. ಬೇಡ ಎನ್ನಲು ಅವಳಿಗೆ ಹುಚ್ಚು ಹಿಡಿದಿರಲಿಲ್ಲ. ಅವಳಿಗೂ ಅದು ಬೇಕಿತ್ತು, ಹೊಟ್ಟೆ ಹಸಿದಾಗ ಅನ್ನ ಬೇಕಾಗುವಷ್ಟು ಬೇಕಿತ್ತು.

"ಆ ಹೆಂಗಸು ಈಗ ಹೇಗಿದಾಳೆ ಡಾಕ್ಟ್ರೇ?"

"ಯಾರು?"

"ಎರಡು ಸಲ ಕೊಯ್ಸಿಕೊಂಡವಳು. ಎರಡನೇ ಸಲ ಯಾಕೆ ಕೊಯ್ದ್ರು ಅಂತ ಅವಳಿಗೆ ಯಾರಾದ್ರೂ ಹೇಳಿದಾರಾ?"

ಡಾಕ್ಟರು ಕೈಯಲ್ಲಿದ್ದ ಟೋಪಿಯನ್ನು ಹಿಂಡಿದರು.

"ಆ ಸಾಲು ತೆಗೆದ್ರೆ ಅವಳ ಹೊಟ್ಟೇಲಿ ಏನೂ ಇರಲಿಲ್ಲ ಅಂತಾಯ್ತು. ನಾನು ಮೆಟ್ಟಿಲು ಹತ್ತಿ ಬರಲೇ ಇಲ್ಲ ಅಂತಾಯ್ತು. ಆಮೇಲೆ ಉಳಿಯೋದು ಪೊರಕೆ ಹಿಡಿದಿರೋಳು ಒಬ್ಬಳು. ಅವಳು ಇಲ್ಲೇ ಇದಾಳೆ, ಅವಳ ಕೆಲಸ ಅವಳು ಮಾಡ್ತಾಳೆ. ನನಗೆ ಬೇಡ ಡಾಕ್ಟ್ರೇ."

ಕೋಣೆಯೊಳಗೆ ಮತ್ತೆ ಫೋನು ಬಡಿದುಕೊಳ್ಳತೊಡಗಿತು. ಎತ್ತಲು ಯಾರೂ ಹೋಗಲಿಲ್ಲ. ಹಬೆಯಕ್ಕ ಬಗ್ಗಿದಳು. ಗೋಡೆಯ ಅಂಚಿನಿಂದ ಗುಡಿಸುತ್ತಾ, ಗುಡಿಸುತ್ತಾ ಅವರ ಕಾಲ ಬುಡಕ್ಕೆ ಬಂದಳು.

"ಸ್ವಲ್ಪ ಕಾಲು ತೆಗೀರಿ ಡಾಕ್ಟ್ರೇ. ಗುಡಿಸ್ಬೇಕು."

ಹಾಳೆ ಕೈಯಲ್ಲಿ ಹಿಡಿದುಕೊಂಡೇ ದೊಡ್ಡ ಡಾಕ್ಟರು ಒಂದು ಹೆಜ್ಜೆ ಹಿಂದಕ್ಕೆ ಸರಿದರು.